ನಾಲ್ಕೇ ದಿನ ಇದ್ದರೆ ಕಾಟ್ಸ್‌ವೋಲ್ಡ್ಸ್ ಸಾಕು

ನಾಲ್ಕು ದಿನಕ್ಕೆ ಇಂಗ್ಲೆಂಡಿನ ಹಳ್ಳಿಸೀಮೆ ಕಾಟ್ಸ್‌ವೋಲ್ಡ್ಸ್, ಸರೋವರಗಳ ನಾಡು ಲೇಕ್ ಡಿಸ್ಟ್ರಿಕ್ಟ್ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ಬೇಡ ಸರ್. ಮೋಟರ್‌ವೇಯಲ್ಲೇ ಅರ್ಧ ದಿನ ಹೋಗುತ್ತದೆ, ಅಪ್ಪ ಅಮ್ಮ ಬೇರೆ ಜೊತೆಗಿದ್ದಾರೆ ಅಲ್ವಾ? ಕಾಟ್ಸ್‌ವೋಲ್ಡ್ಸ್ ಒಂದನ್ನೇ ಸಾವಕಾಶವಾಗಿ ನೋಡಿ. ಅಲ್ಲಿನ ಬಿಬರಿ ಹಳ್ಳಿಯ ಆರ್ಲಿಂಗ್ಟನ್ ರೋ ಎಂಬ ಮನೆಸಾಲಿಗೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಜೇನು ಬಣ್ಣದ ಕಲ್ಲಿನ ಮನೆಗಳು, ಎದುರಿಗೆ ತಿಳಿ ನೀರಿನ ಹೊಳೆ. ಹತ್ತಾದರೆ ಜನಜಾತ್ರೆ.

ನಮ್ಮ ಲೈಸೆನ್ಸ್ ಅಲ್ಲಿ 12 ತಿಂಗಳು ನಡೆಯುತ್ತದೆ, ಓಡಿಸುವುದೂ ಎಡಕ್ಕೇ. ಕಷ್ಟ ಇರುವುದು ಹಳ್ಳಿದಾರಿಗಳಲ್ಲಿ: ಒಂದೇ ಕಾರಿನಗಲ, ಎರಡೂ ಕಡೆ ಎತ್ತರದ ಬೇಲಿ. ಬಿಳಿ ಬೋರ್ಡಿಗೆ ಕಪ್ಪು ಪಟ್ಟೆ ಇದ್ದರೆ ಗಂಟೆಗೆ 60 ಮೈಲಿ ಮಿತಿ, ಅಷ್ಟರಲ್ಲಿ ಹೋಗಲೇಬೇಕು ಅಂತಲ್ಲ! ಟ್ರ್ಯಾಕ್ಟರ್ ಎದುರಾಗಿ ನಾನು ಬೆವರುತ್ತಾ ರಿವರ್ಸ್ ತೆಗೆದಿದ್ದೆ. ದಾರಿ ಬಿಟ್ಟವರಿಗೆ ಕೈ ಎತ್ತಿ, ಹಾರ್ನ್ ಮಾತ್ರ ಸುಮ್ನೆ ಹೊಡೆಯಬೇಡಿ.