ಪೌಂಡಿಗೆ ‘ಎಲ್‌ಬಿ’ ಎಂದು ಬರೆಯುವುದೇಕೆ?

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ದಾರದ ಪೆಟ್ಟಿಗೆಯ ಮೇಲೆ ಪೌಂಡಿಗೆ ‘ಎಲ್‌ಬಿ’ ಎಂದೂ ಡೆನಿಮ್ ಚೀಟಿಯ ಮೇಲೆ ಔನ್ಸಿಗೆ ‘ಓಝಡ್’ ಎಂದೂ ಇರುತ್ತದೆ. ಪೌಂಡ್ ಎಂಬ ಪದದಲ್ಲಿ ಎಲ್ ಅಕ್ಷರವೂ ಇಲ್ಲ, ಬಿ ಅಕ್ಷರವೂ ಇಲ್ಲವಲ್ಲ?

ಉತ್ತರ: ಇಲ್ಲ, ಏಕೆಂದರೆ ಆ ಅಕ್ಷರಗಳು ಬೇರೊಂದು ಪದದವು. ಲ್ಯಾಟಿನ್‌ನಲ್ಲಿ ‘ಲೀಬ್ರಾ’ ಎಂದರೆ ತಕ್ಕಡಿ. ಅದರಲ್ಲಿ ತೂಗುವ ಒಂದು ತೂಕಕ್ಕೂ ರೋಮನ್ನರು ಅದೇ ಹೆಸರಿಟ್ಟರು. ಇಂದಿನ ಲೆಕ್ಕದಲ್ಲಿ ಸುಮಾರು 327 ಗ್ರಾಂ. ‘ಲೀಬ್ರಾ ಪೊಂಡೊ’ ಎಂದರೆ ‘ತೂಕದಲ್ಲಿ ಒಂದು ಲೀಬ್ರಾ’. ಇಂಗ್ಲಿಷರು ಮೊದಲ ಪದವನ್ನು ಬರಹಕ್ಕೂ ಎರಡನೆಯದನ್ನು ಬಾಯಿಗೂ ಇಟ್ಟುಕೊಂಡರು. ತಕ್ಕಡಿ ತೂಕವಾಗುವುದು ನಮಗೇನೂ ಹೊಸದಲ್ಲ: ಸಂಸ್ಕೃತದ ‘ತುಲಾ’ ತಕ್ಕಡಿಯೂ ಹೌದು, ನೂರು ಪಲದ ತೂಕವೂ ಹೌದು. ಚಿನ್ನದಂಗಡಿಯ ತೊಲವೂ ಅದೇ ಮೂಲದ್ದು.

ಲೀಬ್ರಾದ ಹನ್ನೆರಡನೆಯ ಒಂದು ಪಾಲು ‘ಉಂಕಿಯಾ’. ಅದು ಇಟಾಲಿಯನ್ನರ ಬಾಯಲ್ಲಿ ‘ಒಂಝಾ’ ಆಯಿತು. ನಿಮ್ಮ ಚೀಟಿಯ ಝಡ್ ಬಂದದ್ದು ಅಲ್ಲಿಂದ. ಅಡಿಯ ಹನ್ನೆರಡನೆಯ ಪಾಲಾದ ಇಂಚು ಕೂಡ ಉಂಕಿಯಾದ ಸಂತಾನವೇ. ಹಾಗಾಗಿ 12 ಔನ್ಸ್ ಡೆನಿಮ್ ಮತ್ತು 32 ಇಂಚಿನ ಸೊಂಟ, ನಿಮ್ಮ ಕತ್ತರಿಯಡಿಯಲ್ಲಿ ಸೇರುವ ಒಡಹುಟ್ಟಿದವು! ಈಗಿನ ಪೌಂಡಿನಲ್ಲಿ ಮಾತ್ರ ಔನ್ಸ್ ಹದಿನಾರು.

ತೂಕದಿಂದ ಪದ ಹಣಕ್ಕೂ ಹೋಯಿತು. ಒಂದು ಪೌಂಡ್ ಬೆಳ್ಳಿಯ ಬೆಲೆ ಎಂಬ ಲೆಕ್ಕದಿಂದ ಹುಟ್ಟಿದ ಬ್ರಿಟಿಷ್ ಪೌಂಡಿನ ಚಿಹ್ನೆ ಅಡ್ಡಗೆರೆ ಎಳೆದ ಎಲ್, ಅಂದರೆ ಲೀಬ್ರಾ. ಇಟಲಿಯಲ್ಲಿ 2002ರವರೆಗೆ ಚಲಾವಣೆಯಲ್ಲಿದ್ದ ಲಿರಾ, ಟರ್ಕಿಯ ಇಂದಿನ ಲಿರಾ, ಫ್ರೆಂಚರ ಹಳೆಯ ಲಿವ್ರ್ ಎಲ್ಲವೂ ಅದರ ಮಕ್ಕಳು. ಸ್ಪ್ಯಾನಿಷ್‌ನಲ್ಲಿ ಇಂದಿಗೂ ಲೀಬ್ರಾ ಎಂದರೆ ಪೌಂಡ್ ತೂಕ, ಬ್ರಿಟಿಷ್ ಹಣ, ತುಲಾ ರಾಶಿ ಮೂರೂ. ಇಂಗ್ಲಿಷಿನ ‘ಲೈಬ್ರರಿ’ಯನ್ನು ಮಾತ್ರ ಈ ಕುಟುಂಬಕ್ಕೆ ಸೇರಿಸಬೇಡಿ, ಅದು ಪುಸ್ತಕ ಎಂಬರ್ಥದ ‘ಲಿಬೆರ್’ನಿಂದ ಬಂದದ್ದು.

ಕೊನೆಗೆ ಕೆಲಸದ ಮಾತು. ‘ಎಲ್‌ಬಿ’ ಕಂಡಲ್ಲಿ ‘ಪೌಂಡ್’ ಎಂದೇ ಓದಿ. ಒಂದು ಪೌಂಡ್ ಎಂದರೆ 0.45359237 ಕಿಲೋ, ಅಂಗಡಿ ಲೆಕ್ಕಕ್ಕೆ 454 ಗ್ರಾಂ ಸಾಕು. 12 ಔನ್ಸ್ ಡೆನಿಮ್ ಎಂದರೆ ಒಂದು ಚದರ ಗಜದ ತೂಕ 12 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 407 ಗ್ರಾಂ. ಗಿರಣಿಯವರು ಚದರ ಮೀಟರಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳಿದರೆ ಆ ಸಂಖ್ಯೆಯನ್ನು 33.9ರಿಂದ ಭಾಗಿಸಿ, ಔನ್ಸ್ ಸಿಗುತ್ತದೆ.