ದೇವರ ಧ್ವನಿ ನನಗೇಕೆ ಕೇಳಿಸುತ್ತಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಸಭೆಗೆ ಬಂದಿದ್ದ ದೇವಸೇವಕರೊಬ್ಬರು ಎಲ್ಲರ ಮುಂದೆ ನಿಮ್ಮನ್ನು ಕರೆದು, ನೀವು ಈಗಿನ ಕೆಲಸವನ್ನು ಬಿಡಬೇಕೆಂದು ಕರ್ತನು ತಮಗೆ ತಿಳಿಸಿದ್ದಾನೆ ಎಂದರು. ಅಂದಿನಿಂದ ಒಂದು ತಿಂಗಳು ಪ್ರಾರ್ಥಿಸಿದ್ದೀರಿ, ವಾರಕ್ಕೆರಡು ದಿನ ಉಪವಾಸ ಮಾಡುತ್ತಿದ್ದೀರಿ, ಕಣ್ಣು ಮುಚ್ಚಿ ಬೈಬಲ್ ತೆರೆದೂ ನೋಡಿದ್ದೀರಿ. ಏನೂ ಕೇಳಿಸಿಲ್ಲ. ನಂಬಿಕೆ ಸಾಲದೇ, ಇದು ಅವಿಧೇಯತೆಯೇ, ಸಭೆಯನ್ನೇ ಬಿಡಬೇಕೇ ಎಂದು ಕೇಳಿದ್ದೀರಿ.

ಮೊದಲನೆಯದಾಗಿ, ಕೆಲಸ ಬಿಡಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತನಾಡೋಣ.

ನಾನು ಬಿಟ್ಟವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ನನಗಾಗ 27 ವರ್ಷ. ಆರಾಧನೆಯ ಕೊನೆಯಲ್ಲಿ ಹೊರಗಿನಿಂದ ಬಂದಿದ್ದ ಬೋಧಕರು ನನ್ನ ತಲೆಯ ಮೇಲೆ ಕೈಯಿಟ್ಟು, ಮೂರು ತಿಂಗಳೊಳಗೆ ದೊಡ್ಡ ಬಾಗಿಲೊಂದು ತೆರೆಯಲಿದೆ, ಹಳೆಯದನ್ನು ಹಿಡಿದುಕೊಂಡಿದ್ದರೆ ಅದು ತೆರೆಯುವುದಿಲ್ಲ ಎಂದರು. ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿತ್ತು, ಸುತ್ತಲಿನವರು ಆಮೆನ್ ಎನ್ನುತ್ತಿದ್ದರು, ನಾನು ಅಳುತ್ತಿದ್ದೆ. ಸೋಮವಾರ ರಾಜೀನಾಮೆ ಕೊಟ್ಟೆ. ಮೂರು ತಿಂಗಳು ಕಳೆಯಿತು, ಆರಾಯಿತು, ಹನ್ನೊಂದಾಯಿತು. ಕೈಯಲ್ಲಿ ಕಾಸಿಲ್ಲದ್ದನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಬೋಧಕರು ಫೋನಿನಲ್ಲಿ ಹೇಳಿದ ಮಾತು: ಪ್ರವಾದನೆ ಸರಿಯಾಗಿಯೇ ಇತ್ತಂತೆ, ನನ್ನ ನಂಬಿಕೆಯೇ ಸಾಲದೆ ಹೋಯಿತಂತೆ. ನಡೆದರೆ ಅವರ ಪ್ರವಾದನೆಗೆ ಕೀರ್ತಿ, ನಡೆಯದಿದ್ದರೆ ನನ್ನ ನಂಬಿಕೆಯ ಮೇಲೆ ಗೂಬೆ. ಈ ಲೆಕ್ಕದಲ್ಲಿ ಅವರು ಎಂದೂ ತಪ್ಪುವಂತೆಯೇ ಇಲ್ಲ ಎಂಬುದು ನನಗೆ ಹೊಳೆಯಲು ವರ್ಷಗಳು ಹಿಡಿದವು.

ಆ ದಿನಗಳಲ್ಲಿ ಸಭೆಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ವೃದ್ಧೆಯೊಬ್ಬರು ಒಂದು ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದರು. ಇವರೂ ಏನೋ ದರ್ಶನ ಹೇಳುತ್ತಾರೆಂದುಕೊಂಡೆ. "ರಾತ್ರಿ ನಿದ್ದೆ ಬರುತ್ತದೆಯಾ ಮಗನೇ? ಹೊಟ್ಟೆಗೆ ಏನಾದರೂ ತಿನ್ನುತ್ತಿದ್ದೀಯಾ?" ಎಂದರು. ಇಲ್ಲವೆಂದೆ. "ಎಲೀಯ ಪ್ರವಾದಿಯನ್ನೂ ದೇವರು ಮೊದಲು ಮಲಗಿಸಿ, ಎಬ್ಬಿಸಿ, ಉಣಿಸಿದ್ದು. ಮಾತೆಲ್ಲ ಆಮೇಲೆ" ಎಂದು ಹೇಳಿ, ಊರುಗೋಲು ಹಿಡಿದು ಹೊರಟುಹೋದರು.

ಮನೆಗೆ ಹೋಗಿ ಬೈಬಲಿನ ಒಂದನೆಯ ಅರಸುಗಳು 19ನೆಯ ಅಧ್ಯಾಯವನ್ನು ಮತ್ತೆ ಓದಿದೆ. ಅದರ ಉತ್ತರಾರ್ಧದ ಬಗ್ಗೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೆ: ಬಿರುಗಾಳಿಯಲ್ಲಿ ಕರ್ತನಿರಲಿಲ್ಲ, ಭೂಕಂಪದಲ್ಲಿ ಇರಲಿಲ್ಲ, ಬೆಂಕಿಯಲ್ಲಿ ಇರಲಿಲ್ಲ, ಕೊನೆಗೊಂದು ಮೆಲುದನಿ. ಮೊದಲರ್ಧದಲ್ಲಿ ಎಲೀಯನು ಸಾಯಬೇಕೆಂದು ಬೇಡಿಕೊಂಡು ಅಡವಿಯ ಗಿಡವೊಂದರ ಕೆಳಗೆ ಮಲಗಿಬಿಡುತ್ತಾನೆ. ದೂತನು ತಟ್ಟಿ ಎಬ್ಬಿಸುತ್ತಾನೆ; ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ನಲವತ್ತು ದಿನ ನಡೆದ ಮೇಲೆ ಹೋರೇಬ್ ಬೆಟ್ಟ. ಅಲ್ಲಿಯೂ ಮೆಲುದನಿಯ ಬೆನ್ನಿಗೆ ಅವನಿಗೆ ಮೊದಲು ಕೇಳಿಸಿದ್ದು ಒಂದು ಪ್ರಶ್ನೆ: ಎಲೀಯನೇ, ಇಲ್ಲೇನು ಮಾಡುತ್ತಿದ್ದೀ?

ಇನ್ನು, ದೇವರು ಮಾತನಾಡಿದರೆ ಕೂಡಲೇ ಸ್ಪಷ್ಟವಾಗಿ ತಿಳಿದುಬಿಡುತ್ತದೆ ಎಂದು ನಮಗೆ ಯಾರು ಹೇಳಿಕೊಟ್ಟರೋ ನಾನು ಕಾಣೆ. ಯೆರೆಮೀಯ 32ನೆಯ ಅಧ್ಯಾಯ ನೋಡಿ. ಯೆರೂಸಲೇಮಿಗೆ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿದೆ, ಪ್ರವಾದಿಯು ಕಾವಲಿನವರ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಚಿಕ್ಕಪ್ಪನ ಮಗ ಹನಮೇಲನು ಬಂದು ಹೊಲ ಕೊಂಡುಕೋ ಎನ್ನುವನು ಎಂಬ ಮಾತು ಅವನಿಗೆ ಬರುತ್ತದೆ. ಹನಮೇಲನು ಬಂದು ಹಾಗೆಯೇ ಕೇಳುತ್ತಾನೆ. ಆಗ, ಹೌದು, ಆಗ, ಇದು ಕರ್ತನ ಮಾತೆಂದು ತನಗೆ ತಿಳಿಯಿತು ಎಂದು ಯೆರೆಮೀಯನೇ ಹೇಳುತ್ತಾನೆ. ಅದಾದ ಮೇಲೆಯೇ ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುವುದು. ಅಷ್ಟು ದೊಡ್ಡ ಪ್ರವಾದಿಯೇ ಬಂದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಾದಿದ್ದಾನೆ.

ಪೌಲನ ಕಥೆಯೂ ಅಷ್ಟೇ. ಅಪೊಸ್ತಲರ ಕೃತ್ಯಗಳು 16ರಲ್ಲಿ ಆಸ್ಯ ಸೀಮೆಗೆ ಹೋಗಲು ತಡೆ, ಬಿಥೂನ್ಯಕ್ಕೂ ತಡೆ. ತ್ರೋವದಲ್ಲಿ ರಾತ್ರಿ ಮಕೆದೋನ್ಯದವನೊಬ್ಬನು ಬೇಡಿಕೊಳ್ಳುವ ದರ್ಶನ. ದರ್ಶನವನ್ನು ಕಂಡವನು ಪೌಲನೊಬ್ಬನೇ. ಮುಂದಿನ ವಚನದಲ್ಲಿ ಮಾತ್ರ "ನಾವು" ಎಂಬ ಪದ ಇದ್ದಕ್ಕಿದ್ದಂತೆ ಬರುತ್ತದೆ. ದೇವರು ಕರೆದಿದ್ದಾನೆಂದು ನಾವು ನಿಶ್ಚಯಿಸಿದೆವು ಎನ್ನುತ್ತಾನೆ ಬರೆದವನು. ಕಂಡದ್ದು ಒಬ್ಬ, ತೂಗಿದ್ದು ಜೊತೆಯವರೆಲ್ಲ. (ಮಕೆದೋನ್ಯದ ಫಿಲಿಪ್ಪಿ ಪಟ್ಟಣಕ್ಕೆ ಹೋದರೆ ಅಲ್ಲಿ ನದಿಯ ದಡದಲ್ಲಿ ಮೊದಲು ಸಿಕ್ಕವರು ಹೆಂಗಸರು. ದರ್ಶನದಲ್ಲಿ ಕಂಡ ಆ ಗಂಡಸು ಎಲ್ಲಿ ಹೋದನೋ!)

ನಿಮಗೆ ಕೆಲಸ ಬಿಡಿ ಎಂದವರ ಮಾತನ್ನು ಯಾರು ತೂಗಿ ನೋಡಿದರು? ಇಬ್ಬರೋ ಮೂವರೋ ಪ್ರವಾದಿಸಲಿ, ಉಳಿದವರು ವಿವೇಚಿಸಲಿ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿದೆ. ನಾನು ಕಂಡ ಎಷ್ಟೋ ಸಭೆಗಳಲ್ಲಿ ವಾಕ್ಯದ ಮೊದಲ ಭಾಗಕ್ಕೆ ಮೈಕ್ ಇದೆ, ಬೆಳಕಿದೆ, ಯೂಟ್ಯೂಬ್ ನೇರಪ್ರಸಾರವಿದೆ. ಎರಡನೆಯ ಭಾಗಕ್ಕೆ ಐದು ನಿಮಿಷವೂ ಇಲ್ಲ. ಪ್ರಶ್ನಿಸಿದರೆ ಪವಿತ್ರಾತ್ಮನಿಗೆ ವಿರೋಧ ಎನ್ನುತ್ತಾರೆ. ಅಂಥವರಿಗೆ ಒಂದನೆಯ ಅರಸುಗಳು 13ನ್ನು ಓದಿ ಎನ್ನುತ್ತೇನೆ: ಬೇತೇಲಿನ ಮುದಿ ಪ್ರವಾದಿಯೊಬ್ಬನು ದೇವರ ಮನುಷ್ಯನಿಗೆ, ದೂತನೇ ತನಗೆ ಹೇಳಿದನೆಂದು ನಂಬಿಸಿ, ಮಾಡಬಾರದೆಂದಿದ್ದ ಊಟಕ್ಕೆ ಕರೆದೊಯ್ಯುತ್ತಾನೆ. ವಯಸ್ಸು, ಪ್ರವಾದಿ ಎಂಬ ಹೆಸರು, ದೂತನ ಸಾಕ್ಷಿ, ಎಲ್ಲವೂ ಇದ್ದವು. ಮಾತು ಮಾತ್ರ ಸುಳ್ಳು. ನಂಬಿ ಹೋದವನನ್ನು ದಾರಿಯಲ್ಲಿ ಸಿಂಹ ಕೊಂದಿತು.

ಬೆಳಗಾದರೆ ಮೊಬೈಲಿಗೆ ಬರುವ ವಾಗ್ದಾನದ ಚಿತ್ರಗಳ ಬಗ್ಗೆಯೂ ಒಂದು ಮಾತು. ಯೆರೆಮೀಯ 29:11 ಅವುಗಳಲ್ಲಿ ತಪ್ಪದೆ ಇರುತ್ತದೆ: ನಿಮಗಾಗಿ ನಾನು ಮಾಡಿಕೊಂಡ ಆಲೋಚನೆಗಳು ಹಿತದವು ಎಂಬ ವಚನ. ಹತ್ತನೆಯ ವಚನವನ್ನು ಸೂರ್ಯೋದಯದ ಚಿತ್ರದ ಮೇಲೆ ಬರೆದವರನ್ನು ನಾನು ಕಂಡಿಲ್ಲ. ಅಲ್ಲಿರುವುದು ಎಪ್ಪತ್ತು ವರ್ಷಗಳ ಲೆಕ್ಕ. ಆ ವಚನಗಳಿರುವುದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರದಲ್ಲಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಪ್ರವಾದಿಸಿ ಜನರನ್ನು ನಂಬಿಸಿದ್ದ. ನನಗೆ ಮೂರು ತಿಂಗಳು ಹೇಳಿದವರು ಅವನಿಗಿಂತ ಧಾರಾಳಿಗಳು.

ಕಣ್ಣು ಮುಚ್ಚಿ ಬೈಬಲ್ ತೆರೆಯುವುದನ್ನು ಬಿಟ್ಟುಬಿಡಿ. ಧರ್ಮಗ್ರಂಥದಿಂದ ಹೀಗೆ ಶಕುನ ನೋಡಬಾರದೆಂದು ಕ್ರಿ.ಶ. 506ರಲ್ಲಿಯೇ ಈಗಿನ ಫ್ರಾನ್ಸಿನ ಆಗ್ಡ್ ಎಂಬಲ್ಲಿ ಸೇರಿದ ಸಭಾಧ್ಯಕ್ಷರು (ಬಿಷಪ್‌ಗಳು) ನಿಷೇಧ ಹಾಕಿದ್ದರು.

ನನಗೆ ಉಪಯೋಗಕ್ಕೆ ಬಂದದ್ದು ಮುಂದೆ ಜೆಸ್ಯೂಟ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೊಲಾನ ಒಂದು ಗಮನಿಕೆ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಹಾಸಿಗೆ ಹಿಡಿದಿದ್ದ ಸೈನಿಕ ಆತ. ಹೊತ್ತು ಕಳೆಯಲು ಶೌರ್ಯದ ಕಥೆಗಳನ್ನು ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆಗಳು. ಓದುತ್ತ, ಕನಸು ಕಾಣುತ್ತ ಒಂದು ಸಂಗತಿ ಕಂಡುಕೊಂಡ: ರಾಜವೈಭವದ ಹಗಲುಗನಸು ಕಾಣುವಾಗ ಸುಖವಾಗಿರುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗಿಹೋಗುತ್ತಿತ್ತು, ಸಂತರಂತೆ ಬದುಕುವ ಯೋಚನೆ ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಮುಂದೆ ಆತ ಕೊಟ್ಟ ನಿಯಮಗಳಲ್ಲೊಂದು, ಮನಸ್ಸು ಕತ್ತಲಲ್ಲಿರುವಾಗ ಮೊದಲಿನ ನಿರ್ಧಾರವನ್ನು ಬದಲಿಸಬಾರದು ಎಂಬುದು. ನನ್ನ ಸೋಮವಾರದ ರಾಜೀನಾಮೆಗೆ ಮೊದಲು ಯಾರಾದರೂ ಇದನ್ನು ಹೇಳಿದ್ದರೆ! ಭಾನುವಾರದ ಕಣ್ಣೀರು ಬುಧವಾರದವರೆಗೂ ಏನನ್ನು ಉಳಿಸುತ್ತದೆಂದು ನೋಡಬೇಕಿತ್ತು.

ಸಭೆ ಬಿಡುವ ಮಾತೂ ಅದೇ ನಿಯಮಕ್ಕೆ ಸೇರಿದ್ದು, ಈಗ ಬೇಡ. ನಿಮ್ಮ ಸಭಾಪಾಲಕರ ಬಳಿ ಹೋಗಿ, ಹೀಗೆ ಬರುವ ಮಾತುಗಳನ್ನು ಇಲ್ಲಿ ಯಾರು ಪರೀಕ್ಷಿಸುತ್ತಾರೆ ಎಂದು ಕೇಳಿ. ಜೊತೆಗೆ, ನಿಮ್ಮನ್ನು ಬಹುಕಾಲದಿಂದ ಬಲ್ಲ, ನೀವು ಕೆಲಸ ಬಿಟ್ಟರೂ ಉಳಿದರೂ ಲಾಭನಷ್ಟವಿಲ್ಲದ ಇಬ್ಬರು ಮೂವರನ್ನು ಕೂರಿಸಿಕೊಂಡು, ಸಲಹೆ ಕೊಡದೆ ಪ್ರಶ್ನೆಗಳನ್ನಷ್ಟೇ ಕೇಳಿರೆಂದು ಬೇಡಿಕೊಳ್ಳಿ. ಕ್ರೈಸ್ತರಲ್ಲೇ ಕ್ವೇಕರ್ ಎಂಬ ಪಂಥದವರಲ್ಲಿ ಈ ಪದ್ಧತಿಯಿದೆ. ಉತ್ತರಿಸುತ್ತ ನಿಮಗೇ ಏನೋ ಕೇಳಿಸೀತು.

ಹನ್ನೊಂದು ತಿಂಗಳ ಬಳಿಕ ಸಭೆಯವರೊಬ್ಬರ ಮೂಲಕ ನನಗೆ ಸಾಧಾರಣವಾದ ಕೆಲಸವೊಂದು ಸಿಕ್ಕಿತು. ಬೋಧಕರು ಹೇಳಿದ ಬಾಗಿಲು ಇದೇ ಅಲ್ಲವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಮೂರಕ್ಕೂ ಹನ್ನೊಂದಕ್ಕೂ ಇರುವ ಅಂತರ ತಿಳಿಯುವಷ್ಟು ಗಣಿತ ನನಗೆ ಬರುತ್ತದೆ ಎನ್ನುತ್ತೇನೆ.

ನಂಬಿಕೆ ಕಡಿಮೆಯೇ ಎಂದಿರಿ. ಒಂದು ತಿಂಗಳು ಉತ್ತರವಿಲ್ಲದೆಯೂ ಪ್ರಾರ್ಥಿಸುತ್ತಿರುವವರು ಕೇಳುವ ಪ್ರಶ್ನೆ ಅದಲ್ಲ. ಈ ವಾರದ ಉಪವಾಸವನ್ನು ನಿಲ್ಲಿಸಿ. ಇಂದು ರಾತ್ರಿ ಹೊಟ್ಟೆ ತುಂಬ ಊಟ ಮಾಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ.