ಮುದ್ರಣದ ಖರ್ಚೇ ಇಲ್ಲದ ಇ-ಪುಸ್ತಕ, ಡಿಜಿಟಲ್ ಗೇಮ್‌ಗಳಿಗೆ ಇಷ್ಟೊಂದು ಬೆಲೆ ಯಾಕೆ? ದುಡ್ಡು ಕೊಟ್ಟು ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಆ ದುಡ್ಡಿಗೆ ನಿಮ್ಮ ಕೈಗೆ ಏನು ಬರುತ್ತದೆ ಅನ್ನೋದನ್ನ ಮೊದಲು ನೋಡಿಕೊಳ್ಳಿ.

ಬೆಲೆಯ ವಿಷಯ ಬೇಗ ಮುಗಿಸುತ್ತೇನೆ. ಕಾಗದ, ಡಿಸ್ಕ್ ಇಲ್ಲ ಅಂದ ಮಾತ್ರಕ್ಕೆ ಬರೆದವರ, ತಿದ್ದಿದವರ, ಚಿತ್ರ ಮಾಡಿದವರ ದುಡಿಮೆ ಕಡಿಮೆಯಾಗುವುದಿಲ್ಲ. ಅದರ ಮೇಲೆ ಮಾರುವವರ ಪಾಲು ಬೇರೆ, ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿ ಸಾಮಾನ್ಯವಾಗಿ ಶೇ 30 ಹಿಡಿದುಕೊಳ್ಳುತ್ತದೆ. ಇನ್ನೊಂದು ಕಾರಣ ಇದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ: ಡಿಜಿಟಲ್‌ನಲ್ಲಿ ಸೆಕೆಂಡ್ ಹ್ಯಾಂಡ್ ಅನ್ನೋದೇ ಇಲ್ಲ. ಡಿಸ್ಕ್ ಆದರೆ ಆಡಿ ಮುಗಿಸಿ ಯಾರಿಗಾದರೂ ಅರ್ಧ ಬೆಲೆಗೆ ಕೊಡಬಹುದು, ಹಾಗೆ ಹಳೆಯದು ಸಿಗುತ್ತಿದ್ದರೆ ಹೊಸದರ ಬೆಲೆಯೂ ಇಳಿಯಲೇಬೇಕು. ಕೊಂಡ ಹಾಡುಗಳನ್ನು ಮತ್ತೆ ಮಾರಲು ಅಮೆರಿಕದಲ್ಲಿ ರಿಡಿಜಿ ಅನ್ನುವ ಕಂಪನಿ ಹೊರಟಿತ್ತು, 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದು ಕಾಪಿರೈಟ್ ಉಲ್ಲಂಘನೆ ಅಂತ ಹೇಳಿಬಿಟ್ಟಿತು.

ಈಗ 'ಬೈ' (Buy, ಅಂದರೆ ಕೊಳ್ಳಿ) ಬಟನ್ನಿಗೆ ಬರೋಣ. ಅದನ್ನು ಒತ್ತಿದಾಗ ನಮಗೆ ಸಿಗುವುದು ಹೆಚ್ಚಾಗಿ ಬಳಸುವ ಅನುಮತಿ ಮಾತ್ರ. 2009ರಲ್ಲಿ ಅಮೆಜಾನ್ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಅವರ ಎರಡು ಪುಸ್ತಕಗಳನ್ನು ಕೊಂಡವರ ಕಿಂಡಲ್‌ನಿಂದಲೇ (ಅಮೆಜಾನಿನ ಇ-ಪುಸ್ತಕ ಓದುವ ಸಾಧನ) ಅಳಿಸಿಹಾಕಿತು, ಅಲ್ಲಿ ಅವನ್ನು ಮಾರಾಟಕ್ಕಿಟ್ಟವರಿಗೆ ಅದರ ಹಕ್ಕೇ ಇರಲಿಲ್ಲವಂತೆ. ಹಣ ವಾಪಸ್ ಕೊಟ್ಟರು, ಕ್ಷಮೆಯನ್ನೂ ಕೇಳಿದರು. ಆದರೂ ಓದುತ್ತಿದ್ದ ಪುಸ್ತಕ ಕೈಯಿಂದ ಮಾಯವಾಯಿತು ಅಲ್ವಾ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಮಾರಿದ ಪುಸ್ತಕಗಳೂ ತೆರೆಯದಂತಾದವು. ಅಲ್ಲೂ ಹಣ ವಾಪಸ್ ಬಂತು, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡವರಿಗೆ ಹೆಚ್ಚುವರಿ 25 ಡಾಲರ್ ಸಿಕ್ಕಿತು. ವರ್ಷಗಟ್ಟಲೆ ಓದಿ ಬರೆದುಕೊಂಡ ಮಾತುಗಳಿಗೆ 25 ಡಾಲರ್!

ಗೇಮ್‌ಗಳ ಕಥೆ ಇನ್ನೂ ಕಷ್ಟ. 'ದಿ ಕ್ರ್ಯೂ' ಅನ್ನುವ ಕಾರ್ ರೇಸ್ ಗೇಮಿನ ಸರ್ವರ್‌ಗಳನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ ಕೊನೆಗೆ ನಿಲ್ಲಿಸಿತು. ಒಬ್ಬರೇ ಆಡಲೂ ಸರ್ವರ್ ಬೇಕಿದ್ದ ಗೇಮ್ ಅದು, ಹಾಗಾಗಿ ಡಿಸ್ಕ್ ಇಟ್ಟುಕೊಂಡವರಿಗೂ ಅದು ಸುಮ್ನೆ ಪ್ಲಾಸ್ಟಿಕ್ ತುಂಡಾಯಿತು.

ನನಗೂ ಹೀಗೇ ಆಗಿದೆ. ಒಂದೇ ಸಲ ಹಣ ಕಟ್ಟಿದರೆ ಸಾಕು ಅಂದಿದ್ದ ಚಿತ್ರ ಬಿಡಿಸುವ ಆ್ಯಪ್ ಒಂದು ಅಪ್‌ಡೇಟ್ ಆದಮೇಲೆ ತಿಂಗಳ ಚಂದಾ ಕೇಳಲು ಶುರುಮಾಡಿತು. ನಾನೇ ಬಿಡಿಸಿದ ಚಿತ್ರಗಳನ್ನು ನೋಡಬಹುದಿತ್ತು, ತಿದ್ದಲು ಆಗುತ್ತಿರಲಿಲ್ಲ. ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ. ಕೊಡುವುದು ಬರೀ ಲೈಸೆನ್ಸ್ ಆದರೆ ಅದನ್ನು ಸ್ಪಷ್ಟವಾಗಿ ಹೇಳದೆ 'ಬೈ' ಅಂತ ಬರೆಯುವಂತಿಲ್ಲ. ಒಳ್ಳೆಯದೇ, ಆದರೆ ಬಟನ್ನಿನ ಪಕ್ಕದ ಮಾತು ಬದಲಾಯಿತೇ ಹೊರತು ನಮ್ಮ ಹಕ್ಕು ಜಾಸ್ತಿಯಾಗಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ ತೆಗೆದುಹಾಕಿತು.

ಅದಕ್ಕೇ ನಾನು ಎರಡು ಥರ ಬೆಲೆ ಕಟ್ಟುತ್ತೇನೆ. ಬೇರೆ ಕಡೆ ತೆರೆಯದಂತೆ ತಡೆಯುವ ಡಿಜಿಟಲ್ ಬೀಗವಿಲ್ಲದ ಫೈಲ್ ನನ್ನ ಕೈಗೆ ಸಿಕ್ಕರೆ ಪೂರ್ತಿ ಬೆಲೆ ಕೊಡುತ್ತೇನೆ, ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮಿನ ಇನ್‌ಸ್ಟಾಲರ್ ಅನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಕೆಲವು ಪ್ರಕಾಶಕರೂ ಇಪಬ್ ಅನ್ನುವ ಇ-ಪುಸ್ತಕದ ಫೈಲ್ ನೇರವಾಗಿ ಕೊಡುತ್ತಾರೆ. ಸಿಗದಿದ್ದರೆ ಅದನ್ನು ಬಾಡಿಗೆ ಅಂತಲೇ ಲೆಕ್ಕ ಹಾಕುತ್ತೇನೆ, ಒಂದು ಸಲ ಓದಿ ಬಿಡಲು ಎಷ್ಟು ಕೊಡಬಹುದೋ ಅಷ್ಟಕ್ಕೆ ಬರುವ ತನಕ ಕಾಯುತ್ತೇನೆ. ನೀವು ಕೊಳ್ಳಬೇಕು ಅಂದುಕೊಂಡಿರುವ ಪುಸ್ತಕದ ಪುಟದಲ್ಲಿ 'ಡಿಆರ್‌ಎಂ', ಅಂದರೆ ಆ ಬೀಗದ ಬಗ್ಗೆ ಏನು ಬರೆದಿದ್ದಾರೆ ಅಂತ ಮೊದಲು ನೋಡಿ. ಅಲ್ಲಿ ಏನೂ ಬರೆದಿಲ್ಲ ಅಂದರೆ ಬೀಗ ಇದೆ ಅಂತಲೇ ತಿಳಿದುಕೊಳ್ಳಿ.